ಹೊಂದುವುದಿಲ್ಲ ಎಂದವರು

ಅಜ್ಜಂಪುರ
೧೪ ಜೂನ್ ೧೯೮೨

ಕಮಲಾಕ್ಷಿಗೆ ಮಲ್ಲಿಕಾಂಬ ಬರೆಯುವುದು.

ಹೋದ ತಿಂಗಳು ಬೆಂಗಳೂರಿನ ಆಸ್ಪತ್ರೆಯಲ್ಲಿ, ಡಯಾಲಿಸಿಸ್ ವಾರ್ಡಿನ ಬಾಗಿಲಲ್ಲಿ ನಿಂತಿದ್ದ ನಿನ್ನನ್ನು ನಾನು ಗುರುತು ಹಿಡಿದೆ. ನೀನೂ ಹಿಡಿದೆ. ಇಬ್ಬರೂ ಮಾತಾಡಲಿಲ್ಲ. ಮೊದಲು ಮಾತಾಡಬೇಕಾದವಳು ನಾನೇ. ಹನ್ನೊಂದು ವರ್ಷದ ಹಿಂದೆ ನೀನು ಹಿರೇನಲ್ಲೂರಿನಿಂದ ಟ್ರಂಕು ಹಿಡಿದು ನರ್ಸ್ ಟ್ರೈನಿಂಗಿಗೆ ಹೊರಟಾಗ, "ಊರೋರ ಕೊಳೆ ಬಳಿಯೋಕೆ ಹೋಗ್ತೀಯೇನೇ" ಎಂದಿದ್ದೆ. ಕಡೂರು ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳನ್ನು ನನ್ನ ಮದುವೆಗೆ ಕರೆಯಲೂ ಇಲ್ಲ. ಈಗ ವಾರಕ್ಕೆ ಎರಡು ಸಲ ನನ್ನ ಗಂಡನ ಕೈಗೆ ಸೂಜಿ ಚುಚ್ಚಿ ಮಿಷನ್ನಿಗೆ ಜೋಡಿಸುವವಳು ನೀನು.

ನಮ್ಮ ಮನೆಯ ಸ್ಥಿತಿ ನಿನಗೆ ಅಷ್ಟಿಷ್ಟು ಗೊತ್ತಿರಬಹುದು. ಇವರು ಇಲ್ಲಿನ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲಾರ್ಕು. ಎರಡೂ ಕಿಡ್ನಿ ಬತ್ತಿಹೋಗಿವೆ ಎಂದು ರೈಲ್ವೆ ಡಾಕ್ಟರೇ ನಿಮ್ಮಲ್ಲಿಗೆ ಕಳಿಸಿದರು. ಬೆಂಗಳೂರಿನಲ್ಲಿರುವ ಸ್ನೇಹಿತರಾದ ಕೆಂಚಪ್ಪನವರ ಕ್ವಾರ್ಟರ್ಸಿನಲ್ಲಿ ಉಳಿದುಕೊಂಡು ಮಂಗಳವಾರ, ಶುಕ್ರವಾರ ಮಿಷನ್ನಿಗೆ ಬರುತ್ತಾರೆ. ಅತ್ತೆ ಕಲ್ಲಮ್ಮನವರಿಗೆ ಸಕ್ಕರೆ ಕಾಯಿಲೆ, ಮಗಳಿಗೆ ಸ್ಕೂಲು. ಹಾಗಾಗಿ ನಾನು ಇಲ್ಲಿ.

ಒಡಹುಟ್ಟಿದವರ ಕಿಡ್ನಿ ಸಿಕ್ಕರೆ ಬದುಕುತ್ತಾರೆ ಎಂದರು ಡಾಕ್ಟರು. ನನ್ನ ರಕ್ತದ ಗುಂಪು ಬೇರೆ. ಅತ್ತೆಯದು ಆಗುವುದಿಲ್ಲ. ಉಳಿದವಳು ಇವರ ಒಬ್ಬಳೇ ತಂಗಿ, ತರೀಕೆರೆಗೆ ಕೊಟ್ಟಿರುವ ಗುರುಶಾಂತಮ್ಮ. ಇಪ್ಪತ್ತಾರು ವರ್ಷ, ಗಟ್ಟಿ ಆಳು. ಬಂದಳು, ರಕ್ತ ಕೊಟ್ಟಳು, ಎಕ್ಸ್‌ರೇ ತೆಗೆಸಿಕೊಂಡಳು. ಎಲ್ಲ ಸರಿಯಿದೆ ಎಂದರು. ಆಮೇಲೆ ಜೂನ್ ಐದನೇ ತಾರೀಕು ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು: "ಹೊಂದುವುದಿಲ್ಲ."

ಒಂದೇ ತಾಯಿಯ ಮಕ್ಕಳು, ಒಂದೇ ಗುಂಪಿನ ರಕ್ತ. ಹೊಂದುವುದಿಲ್ಲವೆಂದರೆ ಏನು? ನಿನಗೆ ಗೊತ್ತಿರುವುದನ್ನು ನನಗೆ ಬರೆ. ಹಳೆಯ ಮಾತಿಗೆ ಕ್ಷಮೆ ಕೇಳುತ್ತಿದ್ದೇನೆ. ಕೆಲಸ ಆಗಬೇಕಾದಾಗ ಕೇಳುತ್ತಿದ್ದಾಳೆ ಎಂದುಕೊಂಡರೆ ಅದೂ ನಿಜವೇ.

ನಿನ್ನ
ಮಲ್ಲಿಕಾಂಬ


ಬೆಂಗಳೂರು
೨೩ ಜೂನ್ ೧೯೮೨

ಪ್ರಿಯ ಮಲ್ಲಿಕಾಂಬ,

ನಿನ್ನ ಕಾಗದ ಬಂತು. ಕ್ಷಮೆಯ ಮಾತು ಬೇಡ, ಆ ವಯಸ್ಸಿನಲ್ಲಿ ನಾನೂ ಏನೇನೋ ಅಂದಿದ್ದೇನೆ.

ಒಂದೇ ಗುಂಪಿನ ರಕ್ತವಿದ್ದರೆ ಸಾಲದು. ಇನ್ನೂ ಸೂಕ್ಷ್ಮವಾದ ಪರೀಕ್ಷೆಗಳಿರುತ್ತವೆ. ಒಡಹುಟ್ಟಿದವರಲ್ಲಿ ಕೆಲವರಿಗೆ ಹೊಂದುತ್ತದೆ, ಕೆಲವರಿಗೆ ಹೊಂದುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇರುವುದಿಲ್ಲ. ಆದರೆ ರೋಗಿಯ ಕಾಗದಪತ್ರದಲ್ಲಿ ಏನಿದೆ ಎಂದು ನಾನು ಇನ್ನೊಬ್ಬರಿಗೆ ಬರೆಯುವಂತಿಲ್ಲ, ಹೆಂಡತಿಗೂ ಬರೆಯುವಂತಿಲ್ಲ. ನಿನ್ನ ಯಜಮಾನರು ಬುದ್ಧಿ ಸ್ವಾಧೀನದಲ್ಲಿರುವ ಮನುಷ್ಯ. ಏನು ಕೇಳಬೇಕಿದ್ದರೂ ಅವರನ್ನೇ ಕೇಳು.

ಊರಿಗೆ ಬಂದಾಗ ಎಳನೀರು, ಬಾಳೆಹಣ್ಣು ಕೊಡಬೇಡ. ತೋಟದವರು ಪ್ರೀತಿಯಿಂದ ಕೆತ್ತಿ ಕೊಡುತ್ತಾರೆ, ಅದರೊಳಗಿನ ಲವಣವೇ ನಿನ್ನ ಯಜಮಾನರ ಎದೆ ನಿಲ್ಲಿಸಬಹುದು. ತರಕಾರಿಯನ್ನು ಬೇಯಿಸಿ ನೀರು ಬಸಿದು, ಮತ್ತೆ ಬೇಯಿಸು. ದಿನಕ್ಕೆ ಕುಡಿಯುವ ನೀರು ಎರಡು ಲೋಟ ದಾಟಬಾರದು.

ಇಂತಿ
ಕಮಲಾಕ್ಷಿ


ಅಜ್ಜಂಪುರ
೧೧ ಜುಲೈ ೧೯೮೨

ಕಮಲಾಕ್ಷಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. 'ಕೆಲವರಿಗೆ ಹೊಂದುತ್ತದೆ, ಕೆಲವರಿಗೆ ಇಲ್ಲ' ಎಂದು ಬರೆದಿದ್ದೀಯ. ಇವರಿಬ್ಬರಿಗೆ ಹೊಂದಲಿಲ್ಲ ಎಂದು ಎಲ್ಲೂ ಬರೆದಿಲ್ಲ. ಕನ್ನಡದಲ್ಲಿ ನೀನು ಯಾವಾಗಲೂ ನನಗಿಂತ ಹೆಚ್ಚು ಮಾರ್ಕು ತೆಗೆಯುತ್ತಿದ್ದವಳು. ಆ ಸಾಲು ಕೈತಪ್ಪಿ ಬಿಟ್ಟುಹೋಯಿತು ಎಂದರೆ ನಾನು ನಂಬುವುದಿಲ್ಲ.

ನಾನು ಕಂಡದ್ದನ್ನು ಬರೆಯುತ್ತೇನೆ. ಜೂನ್ ಮೂರನೇ ತಾರೀಕು ನೀನು ಗುರುಶಾಂತಳನ್ನು ವಾರ್ಡಿನ ಪಕ್ಕದ ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡೆ. ಅತ್ತೆ ಒಳಗೆ ಬರುತ್ತೇನೆ ಎಂದಾಗ ನೀನು ಬಿಡಲಿಲ್ಲ. ಕಾಲು ಗಂಟೆಯಾಯಿತು. ಅವಳು ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ಎರಡು ದಿನಕ್ಕೆ 'ಹೊಂದುವುದಿಲ್ಲ' ಎಂಬ ಮಾತು ಬಂತು. ಅವಳ ಗಂಡ ಈರಭದ್ರಪ್ಪನವರು ಆ ಮಾತು ಕೇಳಿ "ಎಲ್ಲಾ ಶಿವನಿಚ್ಛೆ" ಎಂದು ಆ ಸಂಜೆಯ ಗಾಡಿಗೇ ಹೆಂಡತಿಯನ್ನು ಕರೆದುಕೊಂಡು ಹೊರಟರು. ಭಾವಮೈದುನ ಸಾಯುವುದು ಖಾತ್ರಿಯಾದ ದಿನ ಯಾರಾದರೂ ಹಾಗೆ ಹಗುರಾಗಿ ಹೆಜ್ಜೆ ಹಾಕುತ್ತಾರೆಯೇ?

ನೀನು ಹೇಳಿದಂತೆ ಇವರನ್ನು ಕೇಳಿದೆ. "ಬಿಡು ಮಲ್ಲಿ" ಎಂದು ಗೋಡೆ ಕಡೆ ತಿರುಗಿದರು.

ಆ ಕೋಣೆಯಲ್ಲಿ ಅವಳು ಕೊಡುವುದಿಲ್ಲ ಎಂದಳು. ನೀನು ಡಾಕ್ಟರಿಗೆ ಹೇಳಿದೆ. ನೀವಿಬ್ಬರೂ ಸೇರಿ ಅವಳ ಮಾನ ಉಳಿಸಲು ಸುಳ್ಳು ಹುಟ್ಟಿಸಿದಿರಿ. ಇದು ನನ್ನ ಲೆಕ್ಕ. ತಪ್ಪಿದ್ದರೆ ತಪ್ಪು ಎಂದು ಬರೆ. ಅಥವಾ ನನ್ನ ಮೇಲಿನ ಹಳೆಯ ಹಗೆಯನ್ನು ಹೀಗೆ ತೀರಿಸಿಕೊಳ್ಳುತ್ತಿದ್ದೀಯ?

ಮಲ್ಲಿಕಾಂಬ


ಬೆಂಗಳೂರು
೧೯ ಜುಲೈ ೧೯೮೨

ಮಲ್ಲಿಕಾಂಬ,

ಕಿಡ್ನಿ ಕೊಡಲು ಯಾರೇ ಬಂದರೂ ಅವರನ್ನು ಮನೆಯವರಿಂದ ಬೇರೆ ಕೂರಿಸಿ, "ಇದು ನಿಮ್ಮದೇ ಮನಸ್ಸಾ?" ಎಂದು ಕೇಳುವುದು ನಮ್ಮ ವಾರ್ಡಿನ ಪದ್ಧತಿ. ಆ ಪದ್ಧತಿ ಬೇಕೆಂದು ಹಟ ಹಿಡಿದವಳು ನಾನೇ. ಹೊರಗೆ ಅತ್ತೆ, ಗಂಡ, ತಾಯಿ ನಿಂತಿರುವಾಗ ಕೇಳಿದರೆ ಅದು ಕೇಳಿದಂತಲ್ಲ. ಒಳಗೆ ಹೇಳಿದ್ದು ಒಳಗೇ ಉಳಿಯುತ್ತದೆ ಎಂದು ಮಾತು ಕೊಟ್ಟೇ ಕೇಳುತ್ತೇನೆ. ನಿನ್ನ ನಾದಿನಿ ಏನು ಹೇಳಿದಳು ಎಂದು ನಾನು ಬರೆಯುವುದಿಲ್ಲ. ನಿನ್ನ ಲೆಕ್ಕ ಸರಿಯೆಂದೂ ಬರೆಯುವುದಿಲ್ಲ, ತಪ್ಪೆಂದೂ ಬರೆಯುವುದಿಲ್ಲ. ಒಬ್ಬರ ವಿಷಯದಲ್ಲಿ 'ಅಲ್ಲ' ಎಂದು ಬಾಯಿಬಿಟ್ಟರೆ, ಇನ್ನೊಬ್ಬರ ವಿಷಯದಲ್ಲಿ ಸುಮ್ಮನಿದ್ದದ್ದಕ್ಕೆ ಅರ್ಥ ಬಂದುಬಿಡುತ್ತದೆ.

ಅವಳು ಮುಖ ತೊಳೆದುಕೊಂಡದ್ದು ನಿಜ. ಆ ಕೋಣೆಯಲ್ಲಿ ಕೂತವರೆಲ್ಲ ತೊಳೆದುಕೊಳ್ಳುತ್ತಾರೆ, ಆಗಲಿ ಎಂದವರೂ, ಆಗುವುದಿಲ್ಲ ಎಂದವರೂ.

ಹಗೆ ಇತ್ತು. ಎಷ್ಟೋ ವರ್ಷ ಇತ್ತು. ಕೆಲಸದ ಹೊತ್ತಿನಲ್ಲಿ ಇರುವುದಿಲ್ಲ.

ಕಮಲಾಕ್ಷಿ


ಅಜ್ಜಂಪುರ
೨ ಸೆಪ್ಟೆಂಬರ್ ೧೯೮೨

ಸಿಸ್ಟರ್ ಕಮಲಾಕ್ಷಿಯವರಿಗೆ,

ಇನ್ನು ನಿನ್ನನ್ನು ಹೀಗೇ ಕರೆಯುತ್ತೇನೆ.

ಹೋದ ವಾರ ಬೆಂಗಳೂರಿಗೆ ಬಂದಿದ್ದೆ. ನಿನ್ನ ಡ್ಯೂಟಿ ಇರಲಿಲ್ಲ. ವಾರ್ಡಿನ ಆಯಾ ಹುಲಿಗೆಮ್ಮ ಬೀರೂರು ಕಡೆಯವಳಂತೆ. ನಮ್ಮ ಮಾತಿನ ಧಾಟಿ ಕೇಳಿ ತಾನಾಗಿ ಹತ್ತಿರ ಬಂದಳು. ತಂಗಿಯದು ಹೊಂದಲಿಲ್ಲವಲ್ಲ ಎಂದು ನಾನು ಕಣ್ಣೊರೆಸಿಕೊಂಡರೆ, ಅವಳು ಬಕೀಟು ಕೆಳಗಿಟ್ಟು ನನ್ನನ್ನೇ ನೋಡಿದಳು. "ಹೊಂದ್ಲಿಲ್ಲ ಅಂದ್ರಾ? ಇಷ್ಟು ಚೆನ್ನಾಗಿ ಕೂಡಿದ್ದು ಈ ವರ್ಸ ಇದೇ ಮೊದ್ಲು ಅಂತ ಡಾಕ್ಟ್ರು ನನ್ ಮುಂದೇನೇ ಅಂದಿದ್ರು ಕಣ್ರವ್ವ" ಎಂದಳು. ಆಮೇಲೆ ಬಾಯಿ ಮೇಲೆ ಕೈ ಇಟ್ಟುಕೊಂಡು ಬಕೀಟು ಎತ್ತಿಕೊಂಡು ಹೋದಳು.

ಈಗ ಹೇಳು, ನನ್ನ ಲೆಕ್ಕ ತಪ್ಪೇ?

ಅಲ್ಲಿಂದ ನೇರ ತರೀಕೆರೆಗೆ ಹೋದೆ. ಗುರುಶಾಂತ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳ ಅತ್ತೆ ಪಕ್ಕದಲ್ಲಿದ್ದರು. ಇದ್ದರೆ ಇರಲಿ ಎಂದೇ ಕೇಳಿದೆ.

"ನಿನ್ನ ಕಿಡ್ನಿ ಹೊಂದ್ತಂತೆ. ಹೊಂದಲ್ಲ ಅಂತ ಯಾಕೆ ಹೇಳಿಸ್ದೆ?"

ಮೊರ ಕೆಳಗಿಟ್ಟಳು. "ನಾನು ಹೇಳಿಸ್ಲಿಲ್ಲ ಅತ್ತಿಗೆ."

"ಮತ್ತೆ ಆ ಕೋಣೇಲಿ ನರ್ಸ್ ಹತ್ರ ಏನಂದೆ?"

ಅವಳು ಬಾಯಿ ತೆರೆಯುವ ಮೊದಲೇ ಈರಭದ್ರಪ್ಪನವರು ಒಳಗಿನಿಂದ ಬಂದರು. ಅವರಿಗೆ ಸಿಟ್ಟು ಬಂದದ್ದು ನಾನು ಎಣಿಸಿದ ಕಾರಣಕ್ಕಲ್ಲ. "ನನ್ನ ಕೇಳ್ದೆ ಅಲ್ಲಿ ಏನೋ ಹೇಳಿ ಬಂದಿದೀಯ ಹಂಗಾದ್ರೆ. ಕೊಡೋದಾದ್ರೂ ನಾನು ಹೇಳ್ಬೇಕು, ಬಿಡೋದಾದ್ರೂ ನಾನು ಹೇಳ್ಬೇಕು. ಅಷ್ಟು ದೊಡ್ಡೋಳಾದ್ಯಾ ನೀನು?" ಎಂದರು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟೆ.

ಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದೆ. "ಅವಳು ನನ್ನ ಹೊಸಲು ತುಳಿಯೋದು ಬ್ಯಾಡ" ಎಂದರು. ಬೆಳಿಗ್ಗೆ ಎದ್ದು ಅವಳ ಮದುವೆ ಫೋಟೋ ಗೋಡೆಯಿಂದ ತೆಗೆಸಿದರು.

ನಿನಗೆ ಸಮಾಧಾನವಾಯಿತೇ?

ಮಲ್ಲಿಕಾಂಬ


ತರೀಕೆರೆ
೯ ಸೆಪ್ಟೆಂಬರ್ ೧೯೮೨

ಸಿಸ್ಟರ್ ಅವರಿಗೆ ಗುರುಶಾಂತಮ್ಮ ಮಾಡುವ ನಮಸ್ಕಾರಗಳು.

ನಾನು ಏಳನೇ ಕ್ಲಾಸು ಓದಿದವಳು, ತಪ್ಪಿದ್ದರೆ ಸರಿಮಾಡಿ ಓದಿಕೊಳ್ಳಿ. ಅತ್ತಿಗೆ ಬಂದು ಹೋದ ದಿನದಿಂದ ನಮ್ಮ ಮನೆಯವರು ನಾನು ಬಡಿಸಿದ ಅನ್ನ ಮುಟ್ಟುತ್ತಿಲ್ಲ. ಮಕ್ಕಳಿಬ್ಬರನ್ನೂ ನಮ್ಮತ್ತೆ ತಮ್ಮ ಹತ್ತಿರ ಮಲಗಿಸಿಕೊಳ್ಳುತ್ತಾರೆ. ಅಜ್ಜಂಪುರಕ್ಕೆ ಹೋದೆ. ನಮ್ಮವ್ವ ಬಾಗಿಲು ತೆಗೆಯಲಿಲ್ಲ. ಒಳಗೆ ಕೆಮ್ಮಿದ್ದು ಕೇಳಿಸಿತು.

ನಾನು ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ಆ ದಿನ ನೀವು ಮೂರು ಸಲ ಕೇಳಿದಿರಿ. ಮೂರು ಸಲವೂ ನಾನು ಕೊಡುತ್ತೇನೆ ಎಂದೇ ಹೇಳಿದೆ. ನೀವು ಬೇರೆ ಏನಾದರೂ ಬರೆದುಕೊಂಡಿರಾ? ನನ್ನ ಮುಖ ನೋಡಿ ಏನಾದರೂ ಊಹಿಸಿದಿರಾ? ಆ ಊಹೆ ತಪ್ಪು ಎಂದು ನಾನು ಆಣೆ ಮಾಡಲಾರೆ. ಆದರೆ ಬಾಯಿಬಿಟ್ಟು ಹೇಳಿದ್ದು ಹೌದು ಎಂದೇ. ಆಡದ ಮಾತಿಗೆ ನಾನು ಇಷ್ಟು ಅನುಭವಿಸಬೇಕೇ? ಹೊಂದಿದ್ದರೆ ನನ್ನನ್ನು ಯಾಕೆ ವಾಪಸು ಕಳಿಸಿದಿರಿ?

ಉತ್ತರವನ್ನು ನಮ್ಮ ಮನೆಗೆ ಹಾಕಬೇಡಿ. ಎದುರು ಮನೆ ತೀರ್ಥಮ್ಮನವರ ಕೇರಾಫ್ ಎಂದು ಬರೆದು ಹಾಕಿ.

ಗುರುಶಾಂತಮ್ಮ


ಬೆಂಗಳೂರು
೨೮ ಸೆಪ್ಟೆಂಬರ್ ೧೯೮೨

ಮಲ್ಲಿಗೆ,

ಈ ಕಾಗದವನ್ನು ಮಿಷನ್ನಿನ ಪಕ್ಕ ಮಲಗಿಕೊಂಡೇ ಬರೆಯುತ್ತಿದ್ದೇನೆ. ಎಡಗೈಯಲ್ಲಿ ಸೂಜಿ ಇದೆ, ಬಲಗೈ ಬಿಡುವಾಗಿದೆ.

ನಿನ್ನ ಗೆಳತಿ ಎರಡು ವಾರದಿಂದ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ಗುರುಶಾಂತ ಅವಳಿಗೊಂದು ಕಾಗದ ಬರೆದಿದ್ದಳಂತೆ. ಅಣ್ಣನಿಗೆ ತೋರಿಸಲೇ ಎಂದು ಅವಳ ಒಪ್ಪಿಗೆ ತರಿಸಿಕೊಂಡು, ಇವತ್ತು ಟ್ಯೂಬು ಜೋಡಿಸಿ ಆದಮೇಲೆ ನನ್ನ ಎದೆಯ ಮೇಲೆ ಇಟ್ಟಳು. "ಓದಿ. ನೀವು ಹೇಳೋ ತನಕ ನಾನು ಯಾರಿಗೂ ಹೇಳಲ್ಲ, ಅದು ನಿಮಗೆ ಕೊಟ್ಟ ಮಾತು. ಆದ್ರೆ ನಿಮ್ಮ ಮಾತು ಕಾಯೋಕೆ ಇನ್ನೊಬ್ಬಳ ಸಂಸಾರ ಹಾಳಾಗ್ತಾ ಇದೆ. ನೀವು ಮಲಗಿರೋ ಅಷ್ಟು ಹೊತ್ತೂ ನಾನಿಲ್ಲೇ ನಿಂತು ಕೇಳ್ತೀನಿ" ಎಂದಳು. ನಿಂತೇ ಇದ್ದಾಳೆ.

ಮಲ್ಲಿ, ಬೇಡ ಎಂದವನು ನಾನು.

ಹೊಂದಿತ್ತು. ಚೆನ್ನಾಗಿಯೇ ಹೊಂದಿತ್ತು. ಡಾಕ್ಟರು ಸಂತೋಷದಿಂದ ಬಂದು ಮೊದಲು ಹೇಳಿದ್ದು ನನಗೆ. ನಾನು ಒಂದು ದಿನದ ಸಮಯ ಕೇಳಿಕೊಂಡು, ಮಾರನೆಯ ದಿನ ಬೇಡ ಎಂದೆ. ಹೊಂದುವುದಿಲ್ಲ ಎಂದು ಮನೆಯವರಿಗೆ ಹೇಳಿ ಎಂದು ಕೈ ಮುಗಿದೆ. ಡಾಕ್ಟರು ಬೈದು, ಕೊನೆಗೆ ಒಪ್ಪಿದರು. ಕಮಲಾಕ್ಷಿ ಒಪ್ಪಲಿಲ್ಲ. "ಬೇಡ ಅನ್ನೋ ಹಕ್ಕು ನಿಮ್ಮದು. ಸುಳ್ಳು ಯಾಕೆ?" ಎಂದಳು. ಸತ್ಯ ಹೇಳಿದರೆ ನೀನೂ ಅವ್ವನೂ ನನ್ನ ಕಾಲು ಕಟ್ಟಿಕೊಂಡು ಒಪ್ಪಿಸಿಬಿಡುತ್ತೀರಿ ಎಂದು ನನಗೆ ಗೊತ್ತಿತ್ತು. ನನಗೂ ಬದುಕುವ ಆಸೆ ಇದೆ, ಒಪ್ಪಿಬಿಡುತ್ತಿದ್ದೆ. ಅದಕ್ಕೇ ಅವಳಿಂದ ಮಾತು ತೆಗೆದುಕೊಂಡೆ.

ಯಾಕೆ ಎಂದು ಕೇಳುತ್ತೀಯ. ನನ್ನ ಪಕ್ಕದ ಮಂಚದಲ್ಲಿ ಹೊಳಲ್ಕೆರೆ ಕಡೆಯ ಒಬ್ಬ ಮೇಷ್ಟ್ರು ಇದ್ದರು. ಜನವರಿಯಲ್ಲಿ ಅಕ್ಕನ ಕಿಡ್ನಿ ಹಾಕಿದರು. ಏಪ್ರಿಲಿನಲ್ಲಿ ಅದು ನಿಂತಿತು, ಮತ್ತೆ ಕೊಯ್ದು ತೆಗೆದರು, ಮೇ ತಿಂಗಳಲ್ಲಿ ಹೋದರು. ಹೆಣ ಒಯ್ಯಲು ಆ ಅಕ್ಕ ಬಂದಿದ್ದಳು. ಪಕ್ಕೆ ಹಿಡಿದುಕೊಂಡು ಬಗ್ಗಿ ನಡೆಯುತ್ತಿದ್ದಳು. ನನ್ನದು ಉಳಿಯುವ ಸಂಭವ ಎಷ್ಟು ಎಂದು ಡಾಕ್ಟರನ್ನು ಕೇಳಿದೆ. ಅರ್ಧಕ್ಕರ್ಧ ಎಂದರು. ನನ್ನ ಹೊಟ್ಟೆ ಕೊಯ್ಯುವುದಕ್ಕೆ ಅರ್ಧ ಸಾಕು, ಅವಳ ಹೊಟ್ಟೆ ಕೊಯ್ಯುವುದಕ್ಕೆ ಸಾಲದು ಅನ್ನಿಸಿತು.

ಇನ್ನೊಂದಿದೆ. ಗುರುಶಾಂತ ನನ್ನ ಮಂಚದ ಹತ್ತಿರ ಬಂದು "ಅಣ್ಣ, ನಾನು ಕೊಡ್ತೀನಿ" ಎಂದಳು. ಹಾಗೆನ್ನುವಾಗ ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಕಾಲ ಬಳಿ ನಿಂತಿದ್ದ ಅವ್ವನನ್ನು. ಚಿಕ್ಕಂದಿನಲ್ಲಿ ತನ್ನ ಪಾಲಿನ ಬೆಲ್ಲ ನನಗೆ ಕೊಡುವಾಗಲೂ ಹೀಗೇ ಅವ್ವನನ್ನು ನೋಡುತ್ತಿದ್ದಳು. ಆಗ ನಾನು ಈಸಿಕೊಂಡು ತಿಂದಿದ್ದೇನೆ.

ಸುಳ್ಳು ಯಾರ ಮೇಲೆ ಬೀಳುತ್ತದೆ ಎಂದು ನಾನು ಯೋಚಿಸಲಿಲ್ಲ. ಅದು ನನ್ನ ತಪ್ಪು, ಕಮಲಾಕ್ಷಿಯದಲ್ಲ. ಈರಭದ್ರಪ್ಪನಿಗೂ ಅವ್ವನಿಗೂ ಬೇರೆ ಬೇರೆ ಕಾಗದ ಬರೆದಿದ್ದೇನೆ. ನೀನು ತರೀಕೆರೆಗೆ ಹೋಗು. ನನಗೋಸ್ಕರ ಅಲ್ಲ.

ಜಯದೇವಪ್ಪ


ಅಜ್ಜಂಪುರ
೧೮ ಅಕ್ಟೋಬರ್ ೧೯೮೨

ಕಮಲಾಕ್ಷಿ,

ಇವರ ಕಾಗದ ಬಂದು ಎರಡು ವಾರ ದಾಟಿತು. ನಿನ್ನ ಮೇಲಿದ್ದ ಅನುಮಾನ ಹೋಗಿದೆ. ಸಿಟ್ಟು ಹೋಗಿಲ್ಲ. ಗಂಡ ಬದುಕಬಹುದಿತ್ತು ಎಂಬುದು ಇಷ್ಟು ದಿನ ನಿನಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಿನ್ನ ಧರ್ಮ ದೊಡ್ಡದಿರಬಹುದು. ನಾನು ಈ ನಾಲ್ಕು ತಿಂಗಳು ಬದುಕಿದ್ದು ಅದರಡಿಯಲ್ಲಿ ಸಿಕ್ಕಿಕೊಂಡೇ.

ಈರಭದ್ರಪ್ಪನವರು ಕಾಗದ ಓದಿ ಬಾಯಿ ಮುಚ್ಚಿಕೊಂಡಿದ್ದಾರೆ. ಮಕ್ಕಳು ತಾಯಿಯ ಹತ್ತಿರ ಮಲಗುತ್ತಿದ್ದಾರೆ. ಅತ್ತೆ ಮಾತ್ರ ನಂಬಲಿಲ್ಲ. "ತಂಗಿ ಮಾನ ಉಳಿಸೋಕೆ ಇವನು ಮೈಮೇಲೆ ಹಾಕ್ಕೊಂಡವ್ನೆ" ಎಂದರು.

ನಾನು ತರೀಕೆರೆಗೆ ಹೋಗುವಾಗ ಕ್ಷಮೆ ಕೇಳುವುದೊಂದೇ ಮನಸ್ಸಿನಲ್ಲಿತ್ತು ಎಂದರೆ ಸುಳ್ಳಾಗುತ್ತದೆ. ಹೊಂದುತ್ತದೆ ಎಂದು ಈಗ ಗೊತ್ತಾಗಿದೆಯಲ್ಲ, ಅವಳು ಗಟ್ಟಿಯಾಗಿ ನಿಂತರೆ ಇವರನ್ನು ಒಪ್ಪಿಸಬಹುದು ಎಂಬ ಆಸೆ ಬಸ್ಸು ಹತ್ತುವಾಗಲೇ ಇತ್ತು. ಅವಳು ಅದನ್ನು ಮುಖದಲ್ಲೇ ಓದಿದಳು. ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು.

"ಅತ್ತಿಗೆ, ಎಲ್ಲಾರೂ ಕೊಡ್ತೀಯಲ್ಲಾ, ಕೊಡ್ತೀಯಲ್ಲಾ ಅಂದ್ರು. ಆ ಸಿಸ್ಟರ್ ಒಬ್ರು ಬೇರೆ ಥರ ಕೇಳಿದ್ರು, ಆದ್ರೆ ಬಾಗಿಲ ಆಚೆ ನೀವೆಲ್ಲಾ ಇದ್ರಿ. ಇವತ್ತು ಯಾರೂ ಇಲ್ಲ. ಕೇಳೋದಿದ್ರೆ ಕೇಳು. ಏನಂದ್ರೂ ತಡ್ಕೊತೀನಿ ಅನ್ನೋದಿದ್ರೆ ಮಾತ್ರ ಕೇಳು."

ಚೀಲವನ್ನು ಕೆಳಗಿಟ್ಟೆ. ಆಮೇಲೆ ಕೇಳಿದೆ. ಅವಳು ಉತ್ತರ ಹೇಳಿದಳು, ನನ್ನನ್ನೇ ನೋಡುತ್ತಾ. ಅದೇನೆಂದು ನಿನಗೂ ಬರೆಯುವುದಿಲ್ಲ. ಅಲ್ಲೇ ಊಟ ಮಾಡಿದೆ. ಸಂಜೆ ಬಸ್ಸಿನವರೆಗೂ ಅವಳ ಜೊತೆ ಕೂತು ಅವರೆಕಾಯಿ ಬಿಡಿಸಿದೆ. ಇವರ ಹತ್ತಿರ ಮತ್ತೆ ಆ ವಿಷಯ ಎತ್ತಿಲ್ಲ.

ಮಲ್ಲಿಕಾಂಬ


ಬೆಂಗಳೂರು
೧ ಫೆಬ್ರವರಿ ೧೯೮೩

ಪ್ರಿಯ ಮಲ್ಲಿಕಾಂಬ,

ಇದನ್ನು ನಿನ್ನ ಯಜಮಾನರು ಬರೆ ಎಂದದ್ದಕ್ಕೆ ಬರೆಯುತ್ತಿದ್ದೇನೆ. ಅವರಿಗೆ ಪೆನ್ನು ಹಿಡಿಯಲು ಆಗುತ್ತಿಲ್ಲ. ನಾನು ಬರೆದದ್ದನ್ನು ಓದಿಸಿ ಕೇಳಿಕೊಂಡಿದ್ದಾರೆ.

ಮಿಷನ್ನಿನ ಸೂಜಿ ಹಾಕಲೆಂದು ಎಡಗೈಯಲ್ಲಿ ಮಾಡಿದ್ದ ನಾಳ ಮುಚ್ಚಿಹೋಗಿ ಬಲಗೈಯಲ್ಲಿ ಮಾಡಿದ್ದರು. ಅದೂ ಹದಿನೈದು ದಿನದ ಹಿಂದೆ ಮುಚ್ಚಿತು. ತೊಡೆಯಲ್ಲಿ ಮಾಡಬಹುದು, ಇನ್ನೊಂದಷ್ಟು ತಿಂಗಳು ತಳ್ಳಬಹುದು ಎನ್ನುತ್ತಾರೆ ಡಾಕ್ಟರು. ಇವರು ಸಾಕು ಎಂದಿದ್ದಾರೆ. ಮಿಷನ್ನು ನಿಲ್ಲಿಸಿ ಊರಿಗೆ ಕಳಿಸಿ ಎಂದಿದ್ದಾರೆ.

ನೀನು ಏನು ಯೋಚಿಸುತ್ತೀಯ ಎಂದು ಗೊತ್ತು. ಇವಳೇ ತಲೆಗೆ ತುಂಬಿದಳು ಎಂದುಕೊಳ್ಳುತ್ತೀಯ. ಮೊದಲ ಸಲ ಹೇಳಿದಾಗ ನಾನು ಉತ್ತರ ಕೊಡಲಿಲ್ಲ. ಜ್ವರ ಇತ್ತು, ಜ್ವರದಲ್ಲಿ ಆಡಿದ ಮಾತನ್ನು ನಾನು ಹಿಡಿಯುವುದಿಲ್ಲ. ಜ್ವರ ಇಳಿದ ಮೇಲೆ ಕೇಳಿದೆ, ಮಿಷನ್ ಮುಗಿದು ಮೈ ಹಗುರಾಗಿದ್ದಾಗ ಕೇಳಿದೆ, ಕೆಂಚಪ್ಪನವರು ತಮಾಷೆ ಹೇಳಿ ನಗಿಸಿ ಹೋದಮೇಲೂ ಕೇಳಿದೆ. ನಿಲ್ಲಿಸಿದರೆ ಏನಾಗುತ್ತದೆ ಎಂದು ಮುಚ್ಚಿಡದೆ ಹೇಳಿದೆ: ಒಂದೆರಡು ವಾರ, ಮೈ ತುರಿಕೆ, ಉಬ್ಬಸ, ಆಮೇಲೆ ಮಂಪರು. ಪ್ರತಿ ಸಲವೂ ಒಂದೇ ಮಾತು. ಡಾಕ್ಟರು ನನ್ನನ್ನು ಕರೆದು, "ಮಿಷನ್ ಇರೋದು ಯಾತಕ್ಕೆ ಸಿಸ್ಟರ್?" ಎಂದು ರೇಗಿದರು. ಬೇಕು ಎಂದವರಿಗೆ ಎಂದೆ.

ನನ್ನ ಮಾತನ್ನು ನಂಬಬೇಡ. ಬಂದು ನೀನೇ ಕೇಳು. ನಾನು ಕೋಣೆಯ ಹೊರಗಿರುತ್ತೇನೆ.

ಸುಳ್ಳಿನ ವಿಷಯದಲ್ಲಿ ಒಂದು ಮಾತು. ಡಾಕ್ಟರು 'ಹೊಂದುವುದಿಲ್ಲ' ಎಂದಾಗ ನಾನು ಅಲ್ಲೇ ನಿಂತಿದ್ದೆ. 'ಈ ಆಪರೇಷನ್ ಆಗುವುದಿಲ್ಲ, ಕಾರಣ ಹೇಳುವುದಿಲ್ಲ' ಎಂದಷ್ಟೇ ಹೇಳಿಸಬಹುದಿತ್ತು. ನನಗೆ ಆಗ ಹೊಳೆಯಲಿಲ್ಲ. ಗುರುಶಾಂತಮ್ಮ ಅನುಭವಿಸಿದ್ದರಲ್ಲಿ ನನ್ನ ಪಾಲೂ ಇದೆ.

ಕಮಲಾಕ್ಷಿ


ಅಜ್ಜಂಪುರ
೩ ಏಪ್ರಿಲ್ ೧೯೮೩

ಪ್ರಿಯ ಕಮಲಾಕ್ಷಿ,

ಇವರು ಹೋದದ್ದು ತಿಳಿದು ನೀನು ಕಳಿಸಿದ ಎರಡು ಸಾಲಿನ ಕಾಗದ ಬಂತು. ಉತ್ತರ ತಡವಾಯಿತು.

ಅವತ್ತು ವಾರ್ಡಿಗೆ ಬಂದು ಇವರನ್ನು ನಾನು ಕೇಳಿದ್ದನ್ನು ನೀನು ಹೊರಗೆ ನಿಂತು ಕೇಳಿಸಿಕೊಂಡೆಯೋ ಇಲ್ಲವೋ ಎಂದು ಬರುವಾಗ ರೈಲಿನಲ್ಲಿ ಯೋಚಿಸುತ್ತಿದ್ದೆ. ನೋಡು, ನನ್ನ ಬುದ್ಧಿ ಹಾಗೆಯೇ. ಹಾಗೆಂದಾಗ ಜೊತೆಗಿದ್ದ ಇವರು ನಕ್ಕು, "ಅವಳು ಕಿವಿ ಇಡೋಳಲ್ಲ ಮಲ್ಲಿ" ಎಂದರು.

ಊರಿಗೆ ಬಂದು ಒಂಬತ್ತು ದಿನ ಇದ್ದರು. ನೀನು ಬರೆದುಕೊಟ್ಟ ಹಾಗೇ ಮಾಡಿದೆವು. ದಿಂಬು ಏರಿಸಿ ಕೂರಿಸಿದೆವು, ಮೈಗೆ ಕೊಬ್ಬರಿ ಎಣ್ಣೆ ಸವರಿದೆವು, ತುಟಿಗೆ ಒದ್ದೆ ಬಟ್ಟೆ ಇಟ್ಟೆವು. ಮೂರನೆಯ ದಿನ ಗುರುಶಾಂತ ಬಂದಳು. ಅತ್ತೆ ಹಜಾರದಲ್ಲಿ ಕೂತಿದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದು ನನ್ನ ಕೈಯಿಂದ ಎಣ್ಣೆ ಬಟ್ಟಲು ತೆಗೆದುಕೊಂಡಳು. ಆಮೇಲಿನ ಆರು ದಿನ ಅವಳು ಸೀರೆ ಬದಲಿಸುವುದಕ್ಕೆ ಹೊರತು ಮಂಚದ ಪಕ್ಕದಿಂದ ಏಳಲಿಲ್ಲ. ಇವರು ಅವಳ ಕೈ ಹಿಡಿದುಕೊಂಡು ಅವ್ವನನ್ನು ಕರೆಸಿ, "ಬ್ಯಾಡ ಅಂದೋನು ನಾನು ಕಣವ್ವ. ಕಾಗದದಲ್ಲಿ ಬರೆದದ್ದು ನಿಜ" ಎಂದರು. ಅತ್ತೆ "ಆಗ್ಲಪ್ಪ" ಎಂದರು. 'ಹೌದು' ಎನ್ನಲಿಲ್ಲ.

ಎಂಟನೆಯ ದಿನದ ಮಧ್ಯಾಹ್ನದಿಂದ ಮಾತಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಮಗಳು ಸ್ಕೂಲಿಗೆ ಜಡೆ ಹಾಕಿಸಿಕೊಳ್ಳುತ್ತಾ ನಿಂತಿದ್ದಾಗ ಹೋದರು. ಉಬ್ಬಸ ಇತ್ತು. ಕಷ್ಟವಾಯಿತೇ ಎಂದರೆ, ಆಯಿತು. ಆದರೆ ಅವರು ಗಾಬರಿಯಾಗಲಿಲ್ಲ. ಬರುವುದನ್ನು ಮೊದಲೇ ತಿಳಿದುಕೊಂಡಿದ್ದರಲ್ಲ.

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟರು. ಗುರುಶಾಂತಳೂ ತರೀಕೆರೆಗೆ ಹೋದಳು. ಅವತ್ತು ಅತ್ತೆ ನನ್ನನ್ನು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸಿದರು.

"ದೀಪಾವಳಿಗೆ ಮೊದ್ಲು ನೀನು ತರೀಕೆರೆಗೆ ಹೋಗಿದ್ಯಲ್ಲ. ಅವಳನ್ನ ಕೇಳ್ದೆ ಅಂತೆ."

"ಕೇಳ್ದೆ."

"ಏನಂದ್ಲು?"

ಕಮಲಾಕ್ಷಿ, ಮಗನನ್ನು ಕಳೆದುಕೊಂಡ ತಾಯಿ ಕೇಳುತ್ತಿದ್ದಾಳೆ. ಕೊಡುತ್ತೇನೆ ಅಂದಳು ಎಂದುಬಿಟ್ಟರೆ ತಾಯಿ ಮಗಳು ಒಂದಾಗಬಹುದು. ನಾಲಿಗೆಯ ತುದಿಯವರೆಗೆ ಬಂತು. ಆದರೆ ಅವಳು ಅಂದದ್ದೇ ಆಗಲಿ, ಅನ್ನದಿದ್ದದ್ದೇ ಆಗಲಿ, ಹೇಳಲು ಅದು ನನ್ನದಲ್ಲ.

"ಅದನ್ನ ಅವಳು ನನಗೆ ಹೇಳಿದ್ದು ಅತ್ತೆ. ಬೇಕಾದ್ರೆ ನೀವೇ ಅವಳನ್ನ ಕೇಳಿ. ಆದ್ರೆ ಏನಂದ್ರೂ ತಡ್ಕೊತೀನಿ ಅಂತ ಮನಸ್ಸು ಮಾಡ್ಕೊಂಡು ಕೇಳಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಂದು ಕಾಲದಲ್ಲಿ ನಾನು ನಿನ್ನನ್ನು ನೋಡಿದ್ದು ಹೇಗಿತ್ತು ಎಂದು ಆಗ ಗೊತ್ತಾಯಿತು.

"ನೀವೆಲ್ಲಾ ಸೇರ್ಕೊಂಡು ಏನೋ ಮುಚ್ಚಿಡ್ತಾ ಇದೀರ" ಎಂದರು.

"ಹೂಂ ಅತ್ತೆ, ಮುಚ್ಚಿಡ್ತಾ ಇದೀನಿ" ಎಂದೆ.

ನಿನ್ನ
ಮಲ್ಲಿಕಾಂಬ